ಕಾರಟಗಿಯಿಂದ ಕಾಳಿ ಕಣಿವೆಗೆ: ಫೋರ್ ವೀಲ್ ಡ್ರೈವ್ ವಾಹನದಲ್ಲಿ ಅರಣ್ಯ ಪ್ರವಾಸದ ಪೂರ್ವಸಿದ್ಧತೆ

ಕೊಪ್ಪಳ ಜಿಲ್ಲೆಯ ಕಾರಟಗಿ ತಾಲ್ಲೂಕು ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟು ಪ್ರದೇಶಕ್ಕೆ ಸೇರಿದ್ದು, ಭತ್ತದ ಬೆಳೆಗೆ ಹಾಗೂ ಅಕ್ಕಿ ಗಿರಣಿಗಳಿಗೆ ಹೆಸರಾಗಿದೆ. ಈ ಭಾಗದ ಅನೇಕ ಕುಟುಂಬಗಳು ಫೋರ್ ವೀಲ್ ಡ್ರೈವ್ ವಾಹನಗಳನ್ನು, ಅಂದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ತಲುಪುವ ಜೀಪು ಮಾದರಿಯ ವಾಹನಗಳನ್ನು, ಹೊಂದಿದ್ದು, ಸುಗ್ಗಿ ಮುಗಿದ ನಂತರ ಪಶ್ಚಿಮ ಘಟ್ಟಗಳ ಕಡೆಗೆ ಪ್ರವಾಸ ಕೈಗೊಳ್ಳುವುದುಂಟು. ಹುಬ್ಬಳ್ಳಿ ಮಾರ್ಗವಾಗಿ ಒಂದು ಹಗಲಿನಲ್ಲಿ ತಲುಪಬಹುದಾದ ದಟ್ಟ ಉಷ್ಣವಲಯದ ಅರಣ್ಯವೆಂದರೆ ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ ಮತ್ತು ಜೋಯಿಡಾ ಭಾಗದ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಬಯಲುಸೀಮೆಯ ಚಾಲಕರು ಅಲ್ಲಿಗೆ ಹೊರಡುವ ಮುನ್ನ ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ನೀಡಲಾಗಿದೆ.

ಪ್ರವೇಶ ಮತ್ತು ಕಾನೂನು

ದಾಂಡೇಲಿ ವನ್ಯಜೀವಿ ಧಾಮವು 1956ರಲ್ಲಿ ಘೋಷಣೆಯಾಯಿತು. ಅಣಶಿ ರಾಷ್ಟ್ರೀಯ ಉದ್ಯಾನವು 1987ರಲ್ಲಿ ರೂಪುಗೊಂಡಿತು. 2007ರಲ್ಲಿ ಇವೆರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಿಂದ ಕಾಳಿ ಎಂಬ ಹೆಸರು ಬಂದಿದೆ. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ 27ನೇ ಕಲಮಿನ ಪ್ರಕಾರ ಧಾಮದೊಳಗೆ ಪ್ರವೇಶ ನಿರ್ಬಂಧಿತವಾಗಿದ್ದು, 28ನೇ ಕಲಮಿನಡಿ ಅನುಮತಿ ಪಡೆಯುವುದು ಅಗತ್ಯ. ಸ್ವಂತ ವಾಹನವನ್ನು ಅರಣ್ಯದ ಒಳದಾರಿಗಳಿಗೆ ಇಳಿಸುವುದು ಸಾಹಸವಲ್ಲ, ಅಪರಾಧ. ಅರಣ್ಯದೊಳಗಿನ ವೀಕ್ಷಣೆಗೆ ಇಲಾಖೆಯ ಸಫಾರಿ ವಾಹನಗಳನ್ನೇ ಬಳಸತಕ್ಕದ್ದು. ದಾಂಡೇಲಿ ಸಮೀಪದ ಕುಳಗಿಯಲ್ಲಿ ಪ್ರಕೃತಿ ಶಿಬಿರವಿದೆ.

ಹಾಗಾದರೆ ಫೋರ್ ವೀಲ್ ಡ್ರೈವ್ ಯಾವ ಪ್ರಯೋಜನಕ್ಕೆ ಎಂಬ ಪ್ರಶ್ನೆ ಸಹಜ. ಜೋಯಿಡಾ ತಾಲ್ಲೂಕಿನ ಚದುರಿದ ಹಳ್ಳಿಗಳಿಗೆ, ತೋಟದ ಮನೆಗಳಿಗೆ ಹೋಗುವ ಸಾರ್ವಜನಿಕ ಕಚ್ಚಾ ರಸ್ತೆಗಳು ಕಡಿದಾದ ಏರಿಳಿತಗಳಿಂದ ಕೂಡಿದ್ದು, ಅದರ ಅಗತ್ಯ ಕಂಡುಬರುವುದು ಅಲ್ಲಿಯೇ. ಪ್ರವಾಸದ ಯೋಜನೆಯನ್ನು ಇಂತಹ ರಸ್ತೆಗಳಿಗೆ ಸೀಮಿತಗೊಳಿಸಿಕೊಳ್ಳುವುದು ಸೂಕ್ತ. ವಾಹನದ ಮುಂದೆ ಕಬ್ಬಿಣದ ಗಾರ್ಡ್ ಅಳವಡಿಸುವುದನ್ನು ಕೇಂದ್ರ ಸರ್ಕಾರವು 2017ರಲ್ಲಿ ನಿಷೇಧಿಸಿದೆ. ಅನುಮತಿಯಿಲ್ಲದೆ ಉಪಗ್ರಹ ದೂರವಾಣಿ ಬಳಸುವುದಕ್ಕೂ ದೇಶದಲ್ಲಿ ನಿಷೇಧವಿದೆ. ಹೊರದೇಶದಿಂದ ಬಂದ ಬಂಧುಗಳು ಅಂತಹ ಸಾಧನ ತಂದಿದ್ದರೆ ಈ ಅಂಶ ಗಮನಿಸಬೇಕು.

ಕಾಲದ ಆಯ್ಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮಳೆ ಬಿಡುವಿಲ್ಲದೆ ಸುರಿಯುತ್ತದೆ. ಕಾರಟಗಿ ಭಾಗದಲ್ಲಿ ವರ್ಷವಿಡೀ ಬೀಳುವ ಮಳೆಗಿಂತ ಹೆಚ್ಚು ಮಳೆ ಅಲ್ಲಿ ಒಂದೇ ತಿಂಗಳಲ್ಲಿ ಬೀಳಬಹುದು. 2021ರ ಜುಲೈನಲ್ಲಿ ಅಣಶಿ ಘಟ್ಟದಲ್ಲಿ ಗುಡ್ಡ ಕುಸಿದು ಕಾರವಾರದ ಕಡೆಗಿನ ರಸ್ತೆ ಸಂಚಾರ ಸ್ಥಗಿತಗೊಂಡಿತ್ತು. ಇದೇ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆಯೇ ಗುಡ್ಡ ಜರಿದು ಜೀವಹಾನಿ ಸಂಭವಿಸಿತು. ವಾಹನ ಎಷ್ಟೇ ಬಲಿಷ್ಠವಾಗಿದ್ದರೂ ಕುಸಿಯುವ ಗುಡ್ಡದ ಮುಂದೆ ಅದು ನಿಷ್ಪ್ರಯೋಜಕ. ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಪ್ರವಾಸಕ್ಕೆ ಯೋಗ್ಯ. ಮಾರ್ಚ್ ನಂತರ ಕಾಡ್ಗಿಚ್ಚಿನ ಭೀತಿ ಹೆಚ್ಚು. ಬಯಲಿನಲ್ಲಿ ಒಲೆ ಹೂಡಿ ಅಡುಗೆ ಮಾಡುವ ರೂಢಿಯನ್ನು ಅರಣ್ಯದ ಅಂಚಿನಲ್ಲಿ ಸಂಪೂರ್ಣವಾಗಿ ಕೈಬಿಡಬೇಕು.

ಮಣ್ಣು ಮತ್ತು ಚಾಲನೆ

ಎರೆ ಭೂಮಿಯಲ್ಲಿ ಪಳಗಿದ ಚಾಲಕರಿಗೆ ಕೆಸರು ಹೊಸದಲ್ಲ. ಗದ್ದೆಯಲ್ಲಿ ಹೂತ ಟ್ರ್ಯಾಕ್ಟರನ್ನು ಮೇಲೆತ್ತುವ ಕಲೆ ಅವರಿಗೆ ಕರಗತವೇ ಆಗಿದೆ. ಆದರೆ ಎರೆ ಮಣ್ಣು ಚಕ್ರಕ್ಕೆ ಅಂಟಿಕೊಂಡು ಹಿಡಿದು ನಿಲ್ಲಿಸುತ್ತದೆ; ಘಟ್ಟದ ಜಂಬಿಟ್ಟಿಗೆಯ ಕೆಂಪು ಮಣ್ಣು ನೆನೆದಾಗ ಚಕ್ರವನ್ನು ಜಾರಿಸುತ್ತದೆ. ಸಮತಟ್ಟಾದ ನೆಲದಲ್ಲಿ ಸಿಕ್ಕಿಬಿದ್ದರೆ ಸಮಯ ಮಾತ್ರ ಹಾಳು. ಇಳಿಜಾರಿನಲ್ಲಿ ಜಾರಿದರೆ ಪ್ರಾಣಕ್ಕೇ ಸಂಚಕಾರ.

ಕಡಿದಾದ ಇಳಿಜಾರಿಗೆ ಬರುವ ಮೊದಲೇ ವಾಹನ ನಿಲ್ಲಿಸಿ, ಗೇರನ್ನು ಲೋ ರೇಂಜ್‌ಗೆ ಬದಲಾಯಿಸಿ, ಮೊದಲನೆಯ ಅಥವಾ ಎರಡನೆಯ ಗೇರಿನಲ್ಲಿ ಎಂಜಿನ್ನಿನ ತಡೆಯಿಂದಲೇ ಇಳಿಯಬೇಕು. ಬ್ರೇಕನ್ನು ಒತ್ತಿ ಹಿಡಿದರೆ ಚಕ್ರ ನಿಂತು ವಾಹನ ಜಾರುತ್ತದೆ. ಕ್ಲಚ್ ಒತ್ತಿದರೆ ಎಂಜಿನ್ನಿನ ಹಿಡಿತ ತಪ್ಪುತ್ತದೆ. ಅಗತ್ಯವಿದ್ದಾಗ ಮಾತ್ರ ಲಿವರ್ ಹಾಕಿ ಬಳಸುವ ಮಾದರಿಯ ವಾಹನಗಳಲ್ಲಿ, ಒಣ ಡಾಂಬರು ರಸ್ತೆಗೆ ಬಂದೊಡನೆ ಟೂ ವೀಲ್ ಡ್ರೈವ್‌ಗೆ ಮರಳತಕ್ಕದ್ದು. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಕ್ರಮಿಸುವುದರಿಂದ ಗೇರ್ ಪೆಟ್ಟಿಗೆಯ ಮೇಲೆ ವಿಪರೀತ ಒತ್ತಡ ಬಿದ್ದು ಹಾನಿಯಾಗುತ್ತದೆ.

ಸಲಿಕೆ, ಗಟ್ಟಿಯಾದ ಎಳೆಯುವ ಹಗ್ಗ, ಜಾಕ್ ಕೆಸರಿನಲ್ಲಿ ಹೂಳದಂತೆ ಅಡಿಯಲ್ಲಿಡಲು ಮರದ ಹಲಗೆ, ಗಾಳಿ ತುಂಬುವ ಪಂಪು, ಸುಸ್ಥಿತಿಯ ಸ್ಟೆಪ್ನಿ ಜೊತೆಗಿರಲಿ. ದಾಂಡೇಲಿ ಅಥವಾ ಹಳಿಯಾಳದಲ್ಲಿಯೇ ಟ್ಯಾಂಕ್ ತುಂಬಿಸಿಕೊಳ್ಳಬೇಕು. ಲೋ ರೇಂಜ್‌ನಲ್ಲಿ ಇಂಧನ ಹೆಚ್ಚು ವ್ಯಯವಾಗುವುದರಿಂದ ಹೆದ್ದಾರಿಯ ಮೈಲೇಜ್ ಲೆಕ್ಕ ಇಲ್ಲಿ ಹೊಂದುವುದಿಲ್ಲ. ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಪೆಟ್ರೋಲ್ ಒಯ್ಯುವುದು ಅಪಾಯಕಾರಿ.

ನದಿಯ ಬಗ್ಗೆ ವಿಶೇಷ ಎಚ್ಚರಿಕೆ

ಕಾಲುವೆ ಭಾಗದ ಜನರಿಗೆ ನೀರು ಬಿಡುವ ದಿನ ಮೊದಲೇ ತಿಳಿದಿರುತ್ತದೆ. ಕಾಳಿ ನದಿಯ ಕ್ರಮ ಬೇರೆ. ಗಣೇಶಗುಡಿಯ ಬಳಿಯ ಸೂಪಾ ಅಣೆಕಟ್ಟೆಯಿಂದ ವಿದ್ಯುತ್ ಉತ್ಪಾದನೆಗೆ ತಕ್ಕಂತೆ ನೀರು ಹೊರಬರುತ್ತದೆ. ಆದ್ದರಿಂದ ಆಕಾಶ ನಿರ್ಮಲವಾಗಿದ್ದಾಗಲೂ, ಬಂಡೆಗಳು ಒಣಗಿ ಕಾಣುವಾಗಲೂ ಕೆಳಭಾಗದಲ್ಲಿ ನೀರಿನ ಮಟ್ಟ ಏರಬಹುದು. ನದಿ ಪಾತ್ರದಲ್ಲಿ ವಾಹನ ನಿಲ್ಲಿಸುವುದಾಗಲಿ, ಬಂಡೆಗಳ ಮೇಲೆ ಮಕ್ಕಳನ್ನು ಬಿಡುವುದಾಗಲಿ ಸಲ್ಲದು. ಹಳ್ಳ ದಾಟುವ ಮುನ್ನ ಆಳವನ್ನು, ತಳವನ್ನು ಹಾಗೂ ಸ್ಥಳೀಯರ ಮಾತನ್ನು ವಿಚಾರಿಸಬೇಕು. ನೀರು ರಭಸವಾಗಿದ್ದರೆ, ಕೆಂಪಾಗಿ ತಳ ಕಾಣದಿದ್ದರೆ ಹಿಂದಿರುಗುವುದೇ ಸರಿ.

ಆರೋಗ್ಯ ಮತ್ತು ಸಂಪರ್ಕ

ಅನೇಕ ಕಡೆ ಮೊಬೈಲ್ ಸಂಕೇತ ದೊರೆಯುವುದಿಲ್ಲ. ಹೋಗುವ ದಾರಿ, ತಂಗುವ ಸ್ಥಳ, ಮರಳುವ ವೇಳೆಯನ್ನು ಕಾಗದದಲ್ಲಿ ಬರೆದು ಮನೆಯವರಿಗೆ ಕೊಟ್ಟು, ನಿಗದಿತ ವೇಳೆಗೆ ಕರೆ ಬಾರದಿದ್ದರೆ ಯಾರಿಗೆ ತಿಳಿಸಬೇಕೆಂಬುದನ್ನೂ ಸೂಚಿಸಿರಬೇಕು. ಸಾಧ್ಯವಾದಷ್ಟೂ ಎರಡು ವಾಹನಗಳು ಜೊತೆಯಾಗಿ ಸಾಗಲಿ. ತುರ್ತು ಸಂದರ್ಭದಲ್ಲಿ 112, ಆಂಬುಲೆನ್ಸ್‌ಗಾಗಿ 108ನ್ನು ಸಂಪರ್ಕಿಸಬಹುದು. ಹಾವು ಕಚ್ಚಿದಲ್ಲಿ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಭಾಗವನ್ನು ಅಲುಗಾಡದಂತೆ ಇರಿಸಿ ಪ್ರತಿವಿಷದ ಚುಚ್ಚುಮದ್ದು ಲಭ್ಯವಿರುವ ಆಸ್ಪತ್ರೆಗೆ ಸಾಗಿಸತಕ್ಕದ್ದು.

ಮಂಗನ ಕಾಯಿಲೆಯ ಬಗ್ಗೆ ಬಯಲುಸೀಮೆಯಲ್ಲಿ ಅರಿವು ಕಡಿಮೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗವು ಉಣ್ಣೆಗಳ ಕಡಿತದಿಂದ ಹರಡುತ್ತದೆ ಹಾಗೂ ಉತ್ತರ ಕನ್ನಡ ಜಿಲ್ಲೆಯಲ್ಲಿಯೂ ಕಂಡುಬಂದಿದೆ. ಚಳಿಗಾಲದಿಂದ ಬೇಸಿಗೆಯವರೆಗೆ, ಅಂದರೆ ಪ್ರವಾಸಕ್ಕೆ ಯೋಗ್ಯವಾದ ತಿಂಗಳುಗಳಲ್ಲಿಯೇ, ಇದರ ಹಾವಳಿ. ಮೈತುಂಬ ಬಟ್ಟೆ ಧರಿಸುವುದು, ತರಗೆಲೆಗಳ ಮೇಲೆ ಕೂರದಿರುವುದು, ಸತ್ತ ಮಂಗ ಕಂಡಲ್ಲಿ ಹತ್ತಿರ ಸುಳಿಯದೆ ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸುವುದು ಅಗತ್ಯ. ಸಂಜೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು.

ಕಡಿತದ ನಂತರ ಸಾಮಾನ್ಯವಾಗಿ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುವುದರಿಂದ, ರೋಗಿಯು ಆ ವೇಳೆಗೆ ಊರಿಗೆ ಮರಳಿರುವ ಸಂಭವವೇ ಹೆಚ್ಚು. ಕಾರಟಗಿ ಅಥವಾ ಗಂಗಾವತಿಯ ವೈದ್ಯರು ಮೊದಲು ಮಲೇರಿಯಾ, ಡೆಂಗೆ ಎಂದು ಭಾವಿಸುವುದು ಸ್ವಾಭಾವಿಕ. ಆದ್ದರಿಂದ ಪ್ರವಾಸದಿಂದ ಬಂದ ಎರಡು ವಾರಗಳೊಳಗೆ ತೀವ್ರ ಜ್ವರ, ತಲೆನೋವು, ಸ್ನಾಯುನೋವು ಕಂಡುಬಂದಲ್ಲಿ, ಯಾವ ಕಾಡಿಗೆ, ಯಾವ ದಿನ ಹೋಗಲಾಗಿತ್ತು ಎಂಬುದನ್ನು ವೈದ್ಯರು ಕೇಳದಿದ್ದರೂ ಮೊದಲೇ ಹೇಳತಕ್ಕದ್ದು.