ಹಾಜರಿ ಪುಸ್ತಕದಲ್ಲಿ ಹುಚ್ಚಪ್ಪ

ಸಾಗರ, ಸೊರಬ, ಶಿಕಾರಿಪುರದ ಹಳ್ಳಿಗಳಲ್ಲಿ ‘ಹುಚ್ಚಪ್ಪಾ’ ಎಂದು ಕೂಗಿದರೆ ಯಾರೂ ನಗುವುದಿಲ್ಲ. ಹುಚ್ಚಪ್ಪ, ಹುಚ್ಚಮ್ಮ, ಹುಚ್ಚರಾಯಪ್ಪ ಎಲ್ಲರೂ ಶಿಕಾರಿಪುರದ ಹುಚ್ಚರಾಯಸ್ವಾಮಿಯ ಹೆಸರು ಹೊತ್ತವರು. ಭ್ರಾಂತೇಶನೆಂದೂ ಕರೆಸಿಕೊಳ್ಳುವ ಈ ಆಂಜನೇಯನಿಗೆ ಹರಕೆ ಹೊತ್ತು ಪಡೆದ ಮಗುವಿಗೆ ಅವನ ಹೆಸರನ್ನೇ ಇಡುವುದು ಋಣ ತೀರಿಸುವ ಕ್ರಮ. ಆ ದೇವರನ್ನು ಕಂಡರಿಯದ ಜಾಗಕ್ಕೆ ಹೋದಾಗ ಮಾತ್ರ ಈ ಹೆಸರಿಗೆ ಕಷ್ಟ ಶುರುವಾಗುತ್ತದೆ. ದೂರದ ಕಾಲೇಜಿನ ಮೊದಲ ದಿನ ಹಾಜರಿ ಕರೆಯುತ್ತಾರೆ, ಹಿಂದಿನ ಬೆಂಚಿನಿಂದ ನಗೆ ಕೇಳುತ್ತದೆ. ಅಲ್ಲಿಯವರೆಗೆ ಹುಡುಗನಿಗೆ ತನ್ನ ಹೆಸರಿನ ಬಗ್ಗೆ ಏನಾದರೂ ಅನ್ನಿಸಬೇಕು ಎಂದೇ ಗೊತ್ತಿರಲಿಲ್ಲ.

ಹೆಸರು ಇಷ್ಟವೋ ಇಲ್ಲವೋ ಎಂಬ ಪ್ರಶ್ನೆ ಮಲೆನಾಡಿಗೆ ತಡವಾಗಿ ಬಂತು. ಅದು ಹೇಗೆ ಬಂತೆಂದು ಸಾಗರ, ಹೊಸನಗರ, ತೀರ್ಥಹಳ್ಳಿಯ ಮೂರು ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ಹುಡುಕಿದಷ್ಟೂ ನನಗೆ ಒಂದು ವಿಷಯ ಗಟ್ಟಿಯಾಗುತ್ತಾ ಹೋಗಿದೆ. ಹೆಸರಿನ ಮೇಲಿನ ಅಕ್ಕರೆಯಾಗಲೀ ಮುಜುಗರವಾಗಲೀ ಹೆಸರಿನ ಅರ್ಥದಿಂದ ಹುಟ್ಟುವುದು ಕಡಿಮೆ. ಅದನ್ನು ಯಾರು, ಯಾವ ದನಿಯಲ್ಲಿ, ಎಷ್ಟು ಪೂರ್ತಿಯಾಗಿ ಕರೆದರು ಎನ್ನುವುದರಿಂದಲೇ ಅದು ಹುಟ್ಟುವುದು.

ಹಳೆಯ ಕಾಲದ ಹೆಸರುಗಳನ್ನು ಪಟ್ಟಿ ಮಾಡಿದರೆ ಮಲೆನಾಡಿನ ಜನ ಎಲ್ಲೆಲ್ಲಿಗೆ ನಡೆದುಹೋಗಿ ಕೈಮುಗಿಯುತ್ತಿದ್ದರು ಎಂಬ ನಕ್ಷೆಯೇ ಸಿಗುತ್ತದೆ. ಗೋಕರ್ಣದ ಮಹಾಬಲೇಶ್ವರ ಹವ್ಯಕರ ಮನೆಗಳಲ್ಲಿ ‘ಮಾಬ್ಲ’ನಾದ. ಇಡಗುಂಜಿಯ ಗಣಪತಿ ‘ಗಪ್ಪತಿ’ಯಾದ. ತಿರುಪತಿಯಿಂದ ತಿಮ್ಮಪ್ಪ, ಧರ್ಮಸ್ಥಳದಿಂದ ಮಂಜಪ್ಪ, ಕೊಲ್ಲೂರಿನಿಂದ ಮೂಕಪ್ಪ, ಚಂದ್ರಗುತ್ತಿಯ ರೇಣುಕೆಯಿಂದ ಗುತ್ಯಪ್ಪ, ಗುತ್ಯಮ್ಮ ಬಂದರು. ಹೊಸನಗರದ ಹುಂಚದ ಪದ್ಮಾವತಿ ಅಮ್ಮನವರಿಂದ ಜೈನರ ಮನೆಗಳಲ್ಲಿ ಪದ್ಮಾವತಿ, ಪದ್ಮರಾಜರು ಹುಟ್ಟಿದರು. ಕಾಡಂಚಿನ ಚೌಡಿಯಿಂದ ಚೌಡಪ್ಪ, ಚೌಡಮ್ಮ. ಕೆಳದಿ ಸಂಸ್ಥಾನದ ಮೂಲಪುರುಷನ ಹೆಸರೂ ಚೌಡಪ್ಪನೇ ಎಂದಮೇಲೆ ಆ ಹೆಸರಿಗೆ ಕನಿಷ್ಠ 500 ವರ್ಷದ ಬಾಳಿಕೆಯಿದೆ. ಈಚೆಗೆ ವರದಹಳ್ಳಿಯ ಶ್ರೀಧರ ಸ್ವಾಮಿಗಳಿಂದಾಗಿ ಸಾಗರ ಸೀಮೆಯಲ್ಲಿ ಶ್ರೀಧರರು ಹೆಚ್ಚಿದರು.

ಘಟ್ಟದ ಕೆಳಗಿನಿಂದ ಗದ್ದೆ, ತೋಟದ ಕೆಲಸಕ್ಕೆ ಹತ್ತಿ ಬಂದವರ ಹೆಸರುಗಳ ಲೆಕ್ಕ ಬೇರೆ. ತುಳುನಾಡಿನಲ್ಲಿ ಮಗು ಹುಟ್ಟಿದ ವಾರವೇ ಹೆಸರು. ಭಾನುವಾರ ಹುಟ್ಟಿದವನು ಐತ, ಸೋಮವಾರ ಸೋಮ, ಮಂಗಳವಾರ ಅಂಗಾರ, ಆಮೇಲೆ ಬೂದ, ಗುರುವ, ತುಕ್ರ, ತನಿಯ. ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಐತ ಪರಿಚಿತ.

ಮನೆಯೊಳಗಿನ ಇನ್ನೊಂದು ಕಟ್ಟು ಅಜ್ಜನ ಹೆಸರು. ಹಿರಿಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಅರಮನೆಯಲ್ಲೂ ಇತ್ತು, ಅಡಿಕೆ ತೋಟದ ಮನೆಯಲ್ಲೂ ಇತ್ತು. ಕೆಳದಿಯ ಮೊದಲನೆಯ ಸೋಮಶೇಖರ ನಾಯಕನ ರಾಣಿ ಚೆನ್ನಮ್ಮಾಜಿ ಬಸಪ್ಪನನ್ನು ದತ್ತು ತೆಗೆದುಕೊಂಡಳು. ಆ ಬಸಪ್ಪ ನಾಯಕನ ಮಗ ಮತ್ತೆ ಸೋಮಶೇಖರ ನಾಯಕ. ಸಾಮಾನ್ಯರ ಮನೆಯಲ್ಲಿ ಈ ಕ್ರಮಕ್ಕೊಂದು ತೊಡಕಿತ್ತು. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಈಗ ಅದೇ ಹೆಸರು ಅವಳ ಮಗನಿಗೆ! ದಿನಕ್ಕೆ ಹತ್ತಾರು ಸಲ ಕರೆಯಬೇಕಾದ ತಾಯಿ ಏನು ಮಾಡಬೇಕು? ಪುಟ್ಟ, ಅಪ್ಪಿ, ಮಾಣಿ, ತಮ್ಮ, ಅಣ್ಣಪ್ಪ ಎಂಬ ಕರೆಯುವ ಹೆಸರುಗಳು ಹೀಗೂ ಬೇರೂರಿದವು. ಅಜ್ಜನ ಹೆಸರು ಜಾತಕದಲ್ಲಿ ಉಳಿಯಿತು. ಮಗು ಎಪ್ಪತ್ತು ವರ್ಷದವನಾದರೂ ಊರಿಗೆ ‘ಅಪ್ಪಿ’ಯೇ ಆಗಿ ಉಳಿದ.

ಇಂಥ ಎಳೆಯ ಹೆಸರೊಂದನ್ನು ಹೊತ್ತೇ ತೀರ್ಥಹಳ್ಳಿಯ ಕುಪ್ಪಳಿಯ ಹುಡುಗನೊಬ್ಬ ಮೈಸೂರಿಗೆ ಓದಲು ಹೋದ. 1904ರ ಡಿಸೆಂಬರ್ 29ರಂದು ಹುಟ್ಟಿದ ಪುಟ್ಟಪ್ಪ. ಮಲೆನಾಡಿನ ಮನೆಮನೆಯಲ್ಲೂ ಇದ್ದ ಈ ಹೆಸರು ಕವಿಯಾಗಹೊರಟ ತರುಣನಿಗೆ ಸಾಲದೆನಿಸಿರಬೇಕು. 1922ರಲ್ಲಿ ಬಂದ ಮೊದಲ ಇಂಗ್ಲಿಷ್ ಕವಿತೆಗಳ ಪುಸ್ತಿಕೆಯ ಮೇಲೆ ಪುಟ್ಟಪ್ಪ ಎಂದೇ ಇತ್ತು. ಕನ್ನಡದಲ್ಲಿ ಬರೆಯತೊಡಗಿದ ಮೇಲೆ ಅವರು ಕೆಲಕಾಲ ‘ಕಿಶೋರ ಚಂದ್ರವಾಣಿ’ ಎಂಬ ಕಾವ್ಯನಾಮ ಇಟ್ಟುಕೊಂಡರು. ಆ ಕಾವ್ಯನಾಮದಲ್ಲಿ ಕುಪ್ಪಳಿಯೂ ಇಲ್ಲ, ಅಪ್ಪನೂ ಇಲ್ಲ, ಮನೆಯಲ್ಲಿ ಕರೆದ ಹೆಸರಿನ ಒಂದಕ್ಷರವೂ ಇಲ್ಲ. ಹುಟ್ಟಿದ ಹೆಸರಿನಿಂದ ಪೂರ್ತಿ ಹೊರಬಂದು ನೋಡುವ ಹರೆಯದ ಹಂಬಲ ಅದರಲ್ಲಿ ನನಗೆ ಕಾಣುತ್ತದೆ. ಆಮೇಲೆ ಅವರು ಮರಳಿ ಬಂದರು. ಕುಪ್ಪಳಿಯ ‘ಕು’, ತಂದೆ ವೆಂಕಟಪ್ಪನವರ ‘ವೆಂ’, ಪುಟ್ಟಪ್ಪನ ‘ಪು’. ಊರು, ಅಪ್ಪ, ತಾನು ಎಂಬ ಮಲೆನಾಡಿನ ಹಳೆಯ ಕ್ರಮವೇ ಅದು. ನಾಚಿಕೊಳ್ಳಬಹುದಾಗಿದ್ದ ಮೂರು ಸಾದಾ ಹೆಸರುಗಳ ತಲೆಯಕ್ಷರ ಸೇರಿ ಕನ್ನಡದ ಅತಿ ದೊಡ್ಡ ಹೆಸರಾಯಿತು.

ಮಕ್ಕಳಿಗೆ ಹೆಸರಿಡುವಾಗ ಮಾತ್ರ ಕುವೆಂಪು ವಂಶದ ದಾರಿ ಹಿಡಿಯಲಿಲ್ಲ. ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಇವುಗಳಲ್ಲಿ ಅಜ್ಜನಿಲ್ಲ, ಹರಕೆಯ ದೇವರಿಲ್ಲ, ಜಾತಿಯ ಗುರುತೂ ಇಲ್ಲ. ಆಕಾಶವಿದೆ, ಋತುವಿದೆ, ಹಕ್ಕಿಯಿದೆ. ಮೈಸೂರಿನ ಮನೆಗೆ ‘ಉದಯರವಿ’ ಎಂದು ಹೆಸರಿಟ್ಟ ಮನಸ್ಸೇ ಇದು. ಇಡೀ ಮಲೆನಾಡಿನಲ್ಲಿ ಮಗುವಿನ ಹೆಸರು ಕವಿತೆಯ ಹಾಗೆ ಕಟ್ಟಬಹುದಾದ ವಸ್ತು ಎಂಬ ಧೈರ್ಯ ಇಲ್ಲಿಂದ ಹರಡಿತು ಎಂದರೆ ಹೆಚ್ಚಾಗಲಾರದು. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ತಮ್ಮ ಪ್ರಕಾಶನಕ್ಕೂ ಮಗನಿಗೂ ‘ಅಕ್ಷರ’ ಎಂಬ ಒಂದೇ ಹೆಸರಿಟ್ಟರು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಮಗನನ್ನು ರಾಮಮನೋಹರ ಎಂದು ಕರೆದರು. ಲೋಹಿಯಾರ ಮೇಲಿನ ನಿಷ್ಠೆ ಮನೆಯ ತೊಟ್ಟಿಲಿಗೂ ಬಂತು.

ಆದರೆ ಹೆಸರನ್ನು ಆರಿಸಿಕೊಳ್ಳುವ ಈ ಸ್ವಾತಂತ್ರ್ಯದ ಮಾತಾಡುವಾಗ, ಇದ್ದ ಹೆಸರನ್ನೇ ಪೂರ್ತಿ ಕೇಳಿಸಿಕೊಳ್ಳದವರ ಮಾತು ಬಿಟ್ಟುಹೋಗಬಾರದು. ನನ್ನ ಮಟ್ಟಿಗೆ ಈ ಕಥೆಯ ತಿರುಳು ಅಲ್ಲೇ ಇದೆ. ಕುವೆಂಪು ಕಾದಂಬರಿಗಳಲ್ಲಿ ಗೌಡರ ಮಕ್ಕಳು ಹೂವಯ್ಯ, ರಾಮಯ್ಯ, ಮುಕುಂದಯ್ಯ. ಅವರ ಆಳುಗಳು ಗುತ್ತಿ, ತಿಮ್ಮಿ. ‘ಅಯ್ಯ’, ‘ಅಪ್ಪ’, ‘ಅಮ್ಮ’ ಎಂಬ ಬಾಲ ಯಾರಿಗೆ ಸಲ್ಲಬೇಕು, ಯಾರಿಗೆ ಸಲ್ಲಬಾರದು ಎಂಬುದು ಊರಿಗೆಲ್ಲ ಗೊತ್ತಿದ್ದ ಕಾನೂನು. ತಾಯಿ ತಂದೆ ತಿಮ್ಮಪ್ಪ ಎಂದಿಟ್ಟರೂ ಒಡೆಯರ ಅಂಗಳದಲ್ಲಿ ಅವನು ‘ತಿಮ್ಮ’, ಕೆರಿಯಪ್ಪ ‘ಕೆರಿಯ’, ಬಂಗಾರಮ್ಮ ‘ಬಂಗಾರಿ’. ಮೊಮ್ಮಕ್ಕಳ ಎದುರಿಗೇ ಹಾಗೆ ಕರೆಸಿಕೊಂಡವರಿಗೆ ತಮ್ಮ ಹೆಸರಿನ ಬಗ್ಗೆ ಏನನ್ನಿಸಿರಬಹುದು?

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಎದ್ದು ನಿಂತದ್ದು ಗೇಣಿ ಅಳೆಯುವ ಕೊಳಗದ ಅಳತೆಯ ಪ್ರಶ್ನೆಗೆ. ಎಚ್. ಗಣಪತಿಯಪ್ಪನವರು ಕಟ್ಟಿದ ಆ ಹೋರಾಟಕ್ಕೆ ಗೋಪಾಲಗೌಡರು ಸೇರಿದರು, ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ಕೊಳಗದ ಜಗಳ ಬರೀ ಭತ್ತದ ಜಗಳವಾಗಿರಲಿಲ್ಲ, ಮರ್ಯಾದೆಯ ಜಗಳವೂ ಆಗಿತ್ತು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯನ್ನು ಜಾರಿಗೆ ತಂದಿತು. ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತವರ ಹೆಸರು ಪಹಣಿಗೆ ಬಂತು. ಪಹಣಿಯ ಆ ಸಾಲನ್ನು ಹತ್ತಿರದಿಂದ ನೋಡಬೇಕು. ಅಲ್ಲಿ ‘ತಿಮ್ಮ’ ಎಂದಿರುವುದಿಲ್ಲ. ‘ತಿಮ್ಮಪ್ಪ ಬಿನ್ ಕೆರಿಯಪ್ಪ’ ಎಂದಿರುತ್ತದೆ. ಗುಮಾಸ್ತನ ಒಂದೇ ಗೀಟಿನಲ್ಲಿ ಮಗನಿಗೂ ‘ಅಪ್ಪ’, ತೀರಿಹೋದ ತಂದೆಗೂ ‘ಅಪ್ಪ’. ನೆಲದ ಜೊತೆ ಹೆಸರಿನ ಬಾಲವೂ ಕೈಗೆ ಬಂದ ಗಳಿಗೆಯದು. ಇದೇ ಕಾಗೋಡಿನ ತಿಮ್ಮಪ್ಪನವರು 2013ರಿಂದ 2016ರವರೆಗೆ ವಿಧಾನಸಭೆಯ ಅಧ್ಯಕ್ಷರಾಗಿದ್ದಾಗ, ಹೋರಾಟದ ಊರಿನ ಹೆಸರನ್ನೂ ಸೇರಿಸಿ ಇಡೀ ಸದನ ಅವರನ್ನು ಪೂರ್ತಿ ಹೆಸರಿನಲ್ಲೇ ಕರೆಯಿತು.

ಹೆಂಗಸರ ಹೆಸರಿನ ಕಥೆ ಬೇರೆಯದೇ ನೋವಿನದು. ಅನೇಕ ಬ್ರಾಹ್ಮಣ ಮನೆಗಳಲ್ಲಿ ಮದುವೆಯ ದಿನವೇ ಹುಡುಗಿಗೆ ಗಂಡನ ಮನೆಯವರು ಹೊಸ ಹೆಸರಿಡುತ್ತಿದ್ದರು. ಹದಿನಾರು, ಹದಿನೆಂಟು ವರ್ಷ ಓಗೊಟ್ಟ ಹೆಸರು ತವರಿಗೆ ಹೋದಾಗ ಮಾತ್ರ ಕಿವಿಗೆ ಬೀಳುತ್ತಿತ್ತು. ಇಡದಿದ್ದವರ ಮನೆಯಲ್ಲೂ ಅವಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಮಗು ಹುಟ್ಟಿದ ಮೇಲೆ ಅವಳು ಮಗುವಿನ ಅಮ್ಮ. ಅವಳೂ ಗಂಡನ ಹೆಸರು ಹೇಳುವಂತಿರಲಿಲ್ಲ. ಶುಭಕಾರ್ಯದ ದಿನ ಒಡಪು ಕಟ್ಟಿ, ಅದರೊಳಗೆ ಹೆಸರು ಅಡಗಿಸಿ ಹೇಳಿಸುವಾಗ ಮಾತ್ರ ವಿನಾಯಿತಿ. ಕುವೆಂಪು 1936ರಲ್ಲಿ ಬರೆದ ಕಾದಂಬರಿಯ ಮೊದಲ ಹೆಸರು ‘ಕಾನೂರು ಸುಬ್ಬಮ್ಮ ಹೆಗ್ಗಡಿತಿ’. ಇಂದು ಅದು ‘ಕಾನೂರು ಹೆಗ್ಗಡಿತಿ’. ಊರು ಉಳಿಯಿತು, ಪಟ್ಟ ಉಳಿಯಿತು, ಸುಬ್ಬಮ್ಮ ಹೋದಳು. ಈ ನಷ್ಟ ನನ್ನನ್ನು ಬಹಳ ಕಾಡಿದೆ. ಅದಕ್ಕೇ ತೀರ್ಥಹಳ್ಳಿಯ ಎಂ.ಕೆ. ಇಂದಿರಾ 1976ರಲ್ಲಿ ಬಾಲವಿಧವೆಯೊಬ್ಬಳ ಬಾಳನ್ನು ಬರೆದು, ಪುಸ್ತಕದ ಮೇಲೆ ‘ಫಣಿಯಮ್ಮ’ ಎಂದಷ್ಟೇ ಇಟ್ಟದ್ದು ದೊಡ್ಡ ಕೆಲಸ. ಊರಿಲ್ಲ, ಗಂಡನಿಲ್ಲ, ಅವಳ ಹೆಸರೊಂದೇ.

ಗಂಡಸರಿಗೆ ಊರಿನ ಹೆಸರು ಭಾರವಾಗಲಿಲ್ಲ. ಇಲ್ಲಿಂದ ವಿಧಾನಸಭೆಗೆ ಹೋದವರನ್ನೇ ನೋಡಿ: ಹರತಾಳು ಹಾಲಪ್ಪ, ಬೇಳೂರು ಗೋಪಾಲಕೃಷ್ಣ, ಕಿಮ್ಮನೆ ರತ್ನಾಕರ, ಆರಗ ಜ್ಞಾನೇಂದ್ರ. ಒಂದೇ ಸೀಮೆಯಲ್ಲಿ ಹತ್ತಾರು ತಿಮ್ಮಪ್ಪರು, ಗಣಪತಿಯರು ಇದ್ದಲ್ಲಿ ಗುರುತು ಹತ್ತಬೇಕಾದರೆ ಊರೇ ಮುಂದೆ ಬರಬೇಕು. ತೀರ್ಥಹಳ್ಳಿಯ ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರ ‘ಯು’ ಉಡುಪಿಯದು. ಹಿಂದಿನ ತಲೆಮಾರು ಬಿಟ್ಟುಬಂದ ಊರೂ ಹೆಸರಿನಲ್ಲಿ ಮುಂದುವರಿಯುತ್ತದೆ. ಸಾಗರದ ನಾರ್ಬರ್ಟ್ ಡಿಸೋಜ ಲೋಕೋಪಯೋಗಿ ಇಲಾಖೆಯಲ್ಲಿ ದುಡಿಯುತ್ತಾ ಕಾದಂಬರಿ ಬರೆದು ‘ನಾ. ಡಿಸೋಜ’ ಆದರು. ಕ್ರೈಸ್ತ ಹೆಸರೊಂದು ಕನ್ನಡದ ‘ನಾ’ ಅಕ್ಷರವೊಂದರಲ್ಲಿ ನೆಮ್ಮದಿಯಾಗಿ ನೆಲೆಸಿತು.

ಅವರು ಮತ್ತೆ ಮತ್ತೆ ಬರೆದದ್ದು ಶರಾವತಿಯ ಮುಳುಗಡೆಯ ಕಥೆಯನ್ನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು ನೀರಿನಡಿಗೆ ಹೋದವು. ಮಡೆನೂರಿನಲ್ಲಿ ಹಿಂದೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ಅದರಲ್ಲೇ ಮುಳುಗಿತು. ಎಬ್ಬಿಸಿದ ಜನ ಜಿಲ್ಲೆಯ ಬೇರೆ ಬೇರೆ ಕಡೆ ಹೋಗಿ ನೆಲೆ ನಿಂತರು. ಮನೆ ಹೋಯಿತು, ದೇವರ ಬನ ಹೋಯಿತು, ಗದ್ದೆ ಹೋಯಿತು. ಹೆಸರಿನ ಮುಂದಿನ ಒಂಟಿ ಅಕ್ಷರ ಮಾತ್ರ ಹೋಗಲಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ, ಪಡಿತರ ಚೀಟಿಯಲ್ಲಿ ಆ ಇನಿಷಿಯಲ್ ಮಕ್ಕಳಿಗೂ ಇಳಿಯಿತು. ತಾನು ಕಂಡೇ ಇರದ ಊರಿನ ಅಕ್ಷರವನ್ನು ತನ್ನ ಹೆಸರಿನ ಮುಂದೆ ಬರೆಯುವ ಮಕ್ಕಳಿಗೆ ಅದು ಯಾವ ಊರೆಂದು ಹಿರಿಯರು ಹೇಳಿಕೊಡಬೇಕು.

ಈಗ ಹೆಸರಿಡುವ ದಿನ ಹರಿವಾಣದ ಅಕ್ಕಿಯ ಮೇಲೆ ಅಪ್ಪ ಚಿನ್ನದ ಉಂಗುರದಿಂದ ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕ ನಾಮ ಬರೆಯುತ್ತಾನೆ, ಮಗುವಿನ ಬಲಗಿವಿಯಲ್ಲಿ ಹೇಳುತ್ತಾನೆ. ಮೂರನೆಯ ಹೆಸರು ಮೊದಲೇ ಮೊಬೈಲಿನಲ್ಲಿ ಹುಡುಕಿಟ್ಟದ್ದು. ನಕ್ಷತ್ರದ ಪಾದಕ್ಕೆ ಸರಿಯಾದ ಅಕ್ಷರ ಬೇಕೆಂದು ಹಟ ಹಿಡಿದರೆ ಆರ್ದ್ರಾ ನಕ್ಷತ್ರದವರಿಗೆ ಕು, ಘ, ಙ, ಛ. ಉತ್ತರಾಭಾದ್ರದವರಿಗೆ ದು, ಥ, ಝ, ಞ. ಙ, ಞಗಳಿಂದ ಯಾವ ಹೆಸರು ಹೊಳೆದೀತು? ಆದ್ಯ, ಸಾನ್ವಿ, ಅದ್ವಿತ್‌ಗಳು ಶಿವಮೊಗ್ಗದಲ್ಲೂ ಸಿಡ್ನಿಯಲ್ಲೂ ಸಲೀಸಾಗಿ ಕರೆಸಿಕೊಳ್ಳುತ್ತವೆ. ಮಗುವಿಗೆ ನಾಳೆ ಹಾಜರಿಯಲ್ಲಿ ನಗೆ ಕೇಳಿಸದಿರಲಿ ಎಂಬ ತಂದೆತಾಯಿಯರ ಆಸೆಯನ್ನು ನಾನು ತಪ್ಪೆನ್ನಲಾರೆ. ಅವರಲ್ಲಿ ಎಷ್ಟೋ ಮಂದಿ ಆ ನಗೆಯನ್ನು ಸ್ವತಃ ಕೇಳಿದವರು. ಜನನ ನೋಂದಣಿಯಲ್ಲಿ ಹೆಸರು ಸೇರಿಸಲು ಕಾನೂನು ಒಂದು ವರ್ಷ ಉಚಿತವಾಗಿಯೂ, ದಂಡಶುಲ್ಕದೊಂದಿಗೆ ಹದಿನೈದು ವರ್ಷದವರೆಗೂ ಅವಕಾಶ ಕೊಡುತ್ತದೆ. ದೊಡ್ಡವರಾದ ಮೇಲೆ ಬದಲಿಸುವವರು ಅಫಿಡವಿಟ್ ಮಾಡಿಸಿ, ಪತ್ರಿಕೆಯ ವರ್ಗೀಕೃತ ಜಾಹೀರಾತಿನಲ್ಲಿ ನಾಲ್ಕು ಸಾಲು ಹಾಕಿಸುತ್ತಾರೆ. ಆ ಪುಟ ಓದುವ ಅಭ್ಯಾಸ ನನಗಿದೆ. ಹಳೆಯ ಹೆಸರು ಅಚ್ಚಾಗುವುದು ಅಲ್ಲೇ ಕೊನೆಯ ಸಲ.

ಇನ್ನು ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಎಂಬ ಖಾನೆ ತುಂಬುವಾಗ ಮಲೆನಾಡಿನವರು ತಡವರಿಸುತ್ತಾರೆ. ಕೆಲವರು ಅಪ್ಪನ ಹೆಸರು ಬರೆದು ಹೊರದೇಶದಲ್ಲಿ ಅಪ್ಪನ ಹೆಸರಿನಿಂದಲೇ ಕರೆಸಿಕೊಳ್ಳುತ್ತಾರೆ. ಕೆಲವರು ಇನಿಷಿಯಲ್ಲನ್ನು ಬಿಡಿಸಿ ಊರಿನ ಪೂರ್ತಿ ಹೆಸರನ್ನು ಅಲ್ಲಿಗೆ ತರುತ್ತಾರೆ. ಗಿರೀಶ ಕಾಸರವಳ್ಳಿಯವರ ಸಿನಿಮಾ ನೋಡಿದವರಿಗೆಲ್ಲ ತೀರ್ಥಹಳ್ಳಿ ತಾಲ್ಲೂಕಿನ ಒಂದು ಊರಿನ ಹೆಸರು ಬಾಯಿಗೆ ಬಂದದ್ದು ಹಾಗೆಯೇ. ಎರಡನೆಯದೇ ಒಳ್ಳೆಯದೆಂದು ನಾನು ಕೇಳಿದವರಿಗೆಲ್ಲ ಹೇಳುತ್ತಾ ಬಂದಿದ್ದೇನೆ, ಮುಳುಗಡೆಯ ಮನೆತನದ ಹುಡುಗರಿಗೆ ಇನ್ನೂ ಒತ್ತಿ ಹೇಳುತ್ತೇನೆ.