ಬಿಚ್ಚುವ ಪಾನ ಬೇರೆ, ಬಿಗಿಯುವ ಪಾನ ಬೇರೆ

ಚಕ್ರದ ಹಬ್ಬನ್ನು ಆಕ್ಸಲಿನ ತುದಿಯಲ್ಲಿ ಒತ್ತಿ ಹಿಡಿಯುವ ದೊಡ್ಡ ನಟ್ಟು ಆಕ್ಸಲ್ ನಟ್ಟು. ಪಾನದ, ಅಂದರೆ ಸ್ಪ್ಯಾನರಿನ, ತುದಿಗೆ ಹಾಕಿದ ಭಾರವನ್ನು ಪಾನದ ಉದ್ದದಿಂದ ಗುಣಿಸಿದರೆ ಬರುವುದು ಟಾರ್ಕ್. ವ್ಯಾಖ್ಯೆ ಇಷ್ಟು ಸಾಕು, ಎಡವುವುದು ಇಲ್ಲಲ್ಲ. ಬಿಚ್ಚಿದ ಉಪಕರಣದಿಂದಲೇ ಬಿಗಿಯಬಹುದು ಎಂದುಕೊಳ್ಳುವಲ್ಲಿ. ಅಮೆರಿಕದಲ್ಲಿ 1947ರಿಂದ 1952ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಫೋರ್ಡ್ 8ಎನ್ ಟ್ರ್ಯಾಕ್ಟರನ್ನೇ ನೋಡಿ. ಅದರ ಹಿಂದಿನ ಆಕ್ಸಲಿನ ಸೀಲು ಸವೆದರೆ ಎಣ್ಣೆ ಬ್ರೇಕಿಗೆ ಇಳಿಯುತ್ತದೆ, ಸೀಲು ಬದಲಿಸಲು ಹಬ್ಬು ಕಳಚಲೇಬೇಕು. ಆ ನಟ್ಟಿಗೆ ಬೇಕಾದ ಬಿಗಿ ಸುಮಾರು 450 ಪೌಂಡ್-ಅಡಿ, ಅಂದರೆ 610 ನ್ಯೂಟನ್-ಮೀಟರ್. ಇನ್ನೂ ಸುಲಭವಾಗಿ ಹೇಳುವುದಾದರೆ, ಒಂದು ಮೀಟರ್ ಉದ್ದದ ಪೈಪಿನ ತುದಿಯಲ್ಲಿ 62 ಕಿಲೋ ಭಾರ. ಅರ್ಧ ಇಂಚಿನ ಚೌಕದ ಸಾಮಾನ್ಯ ರ್‍ಯಾಚೆಟ್ಟು ಈ ಕೆಲಸದ್ದಲ್ಲ; ಮುಕ್ಕಾಲು ಇಂಚಿನದು ಬೇಕು. ರ್‍ಯಾಚೆಟ್ಟಿಗೆ ಪೈಪು ಸಿಕ್ಕಿಸಿದರೆ ಮೊದಲು ಮುರಿಯುವುದು ಅದರೊಳಗಿನ ಸಣ್ಣ ಹಲ್ಲು. ಆದ್ದರಿಂದ ಹಲ್ಲಿಲ್ಲದ, ಗಟ್ಟಿ ಹಿಡಿಯ ಸಾಕೆಟ್ ರಾಡಿಗೇ ಪೈಪು ಸಿಕ್ಕಿಸಬೇಕು.

ಬಿಚ್ಚುವಾಗ ನಮ್ಮ ಎದುರಾಳಿ ತುಕ್ಕು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ, ಹಾಗಾಗಿ ಥ್ರೆಡ್ಡಿನ ಸಂದಿಯಲ್ಲಿ ಬೆಣೆ ಹೊಡೆದಂತೆ ಕೂತುಬಿಡುತ್ತದೆ. ಅದನ್ನು ಒಂದೇ ಸಮನೆ ಎಳೆಯುವುದಕ್ಕಿಂತ ಚಿಕ್ಕ ಚಿಕ್ಕ ಪೆಟ್ಟುಗಳಿಂದ ಒಡೆಯುವುದು ಸುಲಭ. ಇಂಪ್ಯಾಕ್ಟ್ ಗನ್ನು ಗೆಲ್ಲುವುದು ಈ ಕಾರಣಕ್ಕೆ. ಅದಕ್ಕೆ ಹಾಕುವ ಸಾಕೆಟ್ಟು ಪೆಟ್ಟು ತಡೆಯಲೆಂದೇ ಮಾಡಿದ ಕಪ್ಪು ಬಣ್ಣದ್ದಾಗಿರಲಿ. ಹೊಳೆಯುವ ಕ್ರೋಮ್ ಸಾಕೆಟ್ಟು ಸಿಡಿದು ಚೂರು ಹಾರಬಹುದು. ಒಳಗೆ ಆರು ಮೂಲೆ ಇರುವುದನ್ನೇ ಆರಿಸಿ. ಹನ್ನೆರಡು ಮೂಲೆಯದು ನಟ್ಟಿನ ಅಂಚನ್ನಷ್ಟೇ ಹಿಡಿಯುತ್ತದೆ, ತುಕ್ಕು ತಿಂದ ನಟ್ಟಿನಲ್ಲಿ ಆ ಅಂಚೇ ಉಳಿದಿರುವುದಿಲ್ಲ. ಗನ್ನಿಲ್ಲದವರು ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಚಕ್ರ ನೆಲದಲ್ಲಿರುವಾಗಲೇ ಬ್ರೇಕು ಹಿಡಿದು ಉದ್ದ ಪೈಪಿನಿಂದ ಎಳೆಯಬೇಕು. ಗ್ಯಾಸಿನಿಂದ ಕಾಯಿಸಿದರೂ ನಟ್ಟು ಬಿಡುತ್ತದೆ. ಜೊತೆಗೆ ಪಕ್ಕದ ಸೀಲೂ ಬೇರಿಂಗಿನ ಗ್ರೀಸೂ ಹಾಳಾಗುತ್ತವೆ. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯುವ ಪದ್ಧತಿಯ ಬಗ್ಗೆ ಒಂದೇ ಮಾತು: ಹೊಸ ನಟ್ಟು ಕೈಯಲ್ಲಿದ್ದರೆ ಮಾತ್ರ. ಇದೆಲ್ಲಕ್ಕೂ ಮೊದಲು ಹೊರಗೆ ಕಾಣುವ ಥ್ರೆಡ್ಡಿನ ಓರೆ ನೋಡಿಕೊಳ್ಳಿ. ಎಡಥ್ರೆಡ್ಡಿನ ನಟ್ಟನ್ನು ಬಿಚ್ಚುತ್ತಿದ್ದೇವೆಂದು ಇಬ್ಬರು ಸೇರಿ ಬಿಗಿಯುವುದು ಅಪರೂಪದ ತಮಾಷೆಯೇನಲ್ಲ.

ಬಿಗಿಯುವಾಗ ಆಟವೇ ಬೇರೆ, ಮತ್ತು ನನಗೆ ಬಹಳ ಇಷ್ಟವಾದ ಭಾಗ ಇದೇ. ನಟ್ಟು ತಿರುಗಿದಂತೆ ಆಕ್ಸಲಿನ ಥ್ರೆಡ್ ಇರುವ ಭಾಗ ಕೂದಲೆಳೆಯಷ್ಟು ಹಿಗ್ಗುತ್ತದೆ, ಹಿಗ್ಗಿದ ಉಕ್ಕು ಮತ್ತೆ ಕುಗ್ಗಲು ಹವಣಿಸುತ್ತದೆ. ಹಬ್ಬನ್ನು ಹಿಡಿದಿಡುವುದು ಆ ಹವಣಿಕೆ. ನಾವು ಅಳೆಯುವ ಟಾರ್ಕು ಅದರ ಪರೋಕ್ಷ ಗುರುತು ಮಾತ್ರ. ಹಾಕಿದ ಶ್ರಮದಲ್ಲಿ ಸುಮಾರು ಅರ್ಧ ನಟ್ಟಿನ ತಳದ ಉಜ್ಜಾಟಕ್ಕೆ ಹೋಗುತ್ತದೆ, ನೂರರಲ್ಲಿ ಇನ್ನೊಂದು 40 ಪಾಲು ಥ್ರೆಡ್ಡಿನ ಉಜ್ಜಾಟಕ್ಕೆ. ಉಳಿದ ಹತ್ತು ಪಾಲಷ್ಟೇ ಉಕ್ಕನ್ನು ಹಿಗ್ಗಿಸುತ್ತದೆ. ಈ ಲೆಕ್ಕ ತಿಳಿದರೆ ಹಲವು ಒಗಟುಗಳು ಬಿಚ್ಚುತ್ತವೆ. ತುಕ್ಕು, ಮಣ್ಣು ತುಂಬಿದ ಥ್ರೆಡ್ಡಿನಲ್ಲಿ ಟಾರ್ಕ್ ಅಳೆಯುವ ರೆಂಚಿನ ಮುಳ್ಳು 610 ತೋರಿಸಿದರೂ ಹಬ್ಬು ಸಡಿಲವಾಗಿಯೇ ಇರಬಹುದು, ಆಮೇಲೆ ಕೆಲಸ ಮಾಡುವಾಗ ಅಲುಗಾಡಿ ಹಬ್ಬಿನ ಮತ್ತು ಆಕ್ಸಲಿನ ಹಲ್ಲುಗಳನ್ನು ತಿಂದುಹಾಕಬಹುದು. ಒಣ ಥ್ರೆಡ್ಡಿಗೆಂದು ಕೊಟ್ಟ ಅಂಕಿಯನ್ನು ಎಣ್ಣೆ ಸವರಿದ ಥ್ರೆಡ್ಡಿಗೆ ಹಾಕಿದರೆ ಅದೇ ಟಾರ್ಕು ಉಕ್ಕನ್ನು ಮಿತಿಮೀರಿ ಎಳೆಯುತ್ತದೆ. ವೈರ್ ಬ್ರಶ್ಶಿನಿಂದ ಥ್ರೆಡ್ ತಿಕ್ಕುವುದು ಚೊಕ್ಕತನದ ಗೀಳಲ್ಲ, ಅದು ಅಳತೆಯ ಭಾಗ.

ಗ್ಯಾರೇಜುಗಳಲ್ಲಿ ಗನ್ನಿನಿಂದಲೇ ಬಿಗಿಯುತ್ತಾರಲ್ಲ ಎಂದು ಕೇಳುವವರಿದ್ದಾರೆ. ಗನ್ನಿನ ಪೆಟ್ಟು ಗಾಳಿಯ ಒತ್ತಡದ ಮೇಲೆ, ಸಾಕೆಟ್ಟಿನ ಸಡಿಲದ ಮೇಲೆ, ನಡುವೆ ಜೋಡಿಸಿದ ಉದ್ದ ರಾಡಿನ ಮೇಲೆ ಬದಲಾಗುತ್ತದೆ. ನಟ್ಟಿಗೆ ಎಷ್ಟು ತಲುಪಿತೆಂದು ಓದಲು ದಾರಿಯಿಲ್ಲ. ದೊಡ್ಡ ಟಾರ್ಕ್ ರೆಂಚು ದುಬಾರಿ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಅಳತೆಗೆ ರೆಂಚೇ ಬೇಕೆಂದಿಲ್ಲ. ನಟ್ಟಿನ ನಡುವಿನಿಂದ ಒಂದೂಕಾಲು ಮೀಟರ್ ದೂರದಲ್ಲಿ 50 ಕಿಲೋದ ಸಿಮೆಂಟ್ ಚೀಲವನ್ನು ಮೆಲ್ಲಗೆ ತೂಗುಬಿಡಿ. ಪೈಪು ನೆಲಕ್ಕೆ ಸಮಾನಾಂತರವಾಗಿ ನಿಂತರೆ ಲೆಕ್ಕ ಸರಿಹೋಯಿತು. ಇನ್ನೂ ಕೆಳಗೆ ಜಾರಿದರೆ ಸಾಕೆಟ್ಟನ್ನು ಹಿಂದಕ್ಕೆ ಹಾಕಿ ಮತ್ತೆ ಬಿಡಿ. ಯೂರಿಯಾ ಚೀಲ ನಂಬಬೇಡಿ, ಅದೀಗ 45 ಕಿಲೋ.

‘ಕೈಗೇ ಅಂದಾಜು ಗೊತ್ತು’ ಎನ್ನುವ ಅನುಭವಿಗಳ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಅದರ ಜಾಗ ಮಾತ್ರ ಮುಂದಿನ ಚಕ್ರ. ಅಲ್ಲಿ ಕಿರೀಟದಂಥ ಕಚ್ಚುಗಳಿರುವ ನಟ್ಟು ಟೇಪರ್ ಬೇರಿಂಗಿನ ಸಡಿಲವನ್ನು ಹದಗೊಳಿಸಲು ಇರುವುದು. ಚಕ್ರ ತಿರುಗಿಸುತ್ತಾ ತುಸು ಬಿಗಿ ಹತ್ತುವವರೆಗೆ ನಟ್ಟು ಕೂರಿಸಿ, ಸ್ಪ್ಲಿಟ್ ಪಿನ್ನಿನ ತೂತು ಎದುರಾಗುವಷ್ಟು ಹಿಂದಕ್ಕೆ ಬಿಡಬೇಕು. ಹಿಂದಿನ ಆಕ್ಸಲಿನಲ್ಲಿ ಪಿನ್ನಿದ್ದರೆ ತದ್ವಿರುದ್ಧ: ತೂತು ಕೂಡದಿದ್ದರೆ ಇನ್ನಷ್ಟು ಬಿಗಿಯಬೇಕೇ ಹೊರತು ಸಡಿಲಿಸಬಾರದು. ಈ ಎರಡು ನಟ್ಟುಗಳ ವ್ಯತ್ಯಾಸ ಹಿಡಿದವರು ಮುಂದೆ ಥ್ರೆಡ್ಡಿನ ಉಜ್ಜಾಟದ ಬಗ್ಗೆ ಓದಲೇಬೇಕು. ಐಟಿಐ ಫಿಟ್ಟರ್ ಪಾಠಗಳಿಂದ ಶುರುಮಾಡಬಹುದು. ಅಷ್ಟರೊಳಗೆ ಹೊಸದಾಗಿ ಬಿಗಿದ ಹಬ್ಬಿನಲ್ಲಿ ಒಂದೆರಡು ದಿನ ಉಳುಮೆಯಾಗಿದ್ದರೆ, ಅದೇ ಪೈಪು, ಅದೇ ಚೀಲ ತಂದು ಮತ್ತೊಮ್ಮೆ ನೋಡಿಬಿಡಿ.