ಸ್ನಿಗ್ಧಸ್ಥಿತಿಸ್ಥಾಪಕ ದ್ರವಲೇಪನದ ಗಣಕ ಅನುಕರಣೆ
ಸ್ನಿಗ್ಧಸ್ಥಿತಿಸ್ಥಾಪಕ ದ್ರವವು ನೀರಿನಂತೆ ಹರಿಯುತ್ತದೆ, ಎಳೆದರೆ ರಬ್ಬರಿನಂತೆ ಹಿಂದಕ್ಕೆ ಸೆಳೆಯುತ್ತದೆ. ಜೇನುತುಪ್ಪ ಮಂದವಾಗಿದ್ದರೂ ಈ ಗುಂಪಿಗೆ ಸೇರದು. ಬೆಂಡೆಕಾಯಿಯ ಲೋಳೆ ಸೇರುತ್ತದೆ. ಉದ್ದನೆಯ ಪಾಲಿಮರ್ ಅಣುಗಳು ಬೆರೆತ ಬಣ್ಣ, ಅಂಟುಗಳಲ್ಲಿಯೂ ಈ ಗುಣ ಕಾಣುತ್ತದೆ.

ಕಾರ್ಖಾನೆಗಳಲ್ಲಿ ತಿರುಗುವ ಉರುಳೆಗಳಿಂದ ಹಾಳೆಗೆ ಲೇಪ ಹಚ್ಚುವಾಗ ವೇಗ ಮಿತಿಮೀರಿದರೆ ನೇಗಿಲ ಸಾಲಿನಂತಹ ಗೆರೆಗಳು ಮೂಡುತ್ತವೆ. ಸ್ಥಿತಿಸ್ಥಾಪಕತ್ವವಿದ್ದಲ್ಲಿ ಈ ದೋಷ ಸಾಮಾನ್ಯವಾಗಿ ಕಡಿಮೆ ವೇಗದಲ್ಲಿಯೇ ತಲೆದೋರುತ್ತದೆ. ಆದ್ದರಿಂದ ಯಂತ್ರ ಓಡಿಸುವ ಮೊದಲೇ ಹರಿವನ್ನು ಗಣಕಯಂತ್ರದಲ್ಲಿ ಲೆಕ್ಕಹಾಕಿ ನೋಡುವುದುಂಟು.

ದ್ರವದಲ್ಲಿ ಅದ್ದಿ ಮೇಲೆತ್ತಿದ ಫಲಕದ ಮೇಲೆ ಉಳಿಯುವ ಪದರದ ದಪ್ಪಕ್ಕೆ ಲ್ಯಾಂಡೌ ಮತ್ತು ಲೆವಿಚ್ 1942ರಲ್ಲಿ ಸೂತ್ರ ಕೊಟ್ಟರು. ಅದು ಸರಳ ದ್ರವಗಳಿಗೆ ಮಾತ್ರ. ಸ್ಥಿತಿಸ್ಥಾಪಕ ಒತ್ತಡವನ್ನು ಒಳಗೊಂಡ ಓಲ್ಡ್‌ರಾಯ್ಡ್ ಸಮೀಕರಣ ಬಂದದ್ದು 1950ರಲ್ಲಿ.

ನಿಜವಾದ ತೊಡಕು ಎದುರಾದದ್ದು ಅದನ್ನು ಗಣಕದಲ್ಲಿ ಬಿಡಿಸುವಾಗ. ಹಿಗ್ಗಿದ ಅಣುಗಳು ಮೊದಲಿನ ಆಕಾರಕ್ಕೆ ಮರಳಲು ಹಿಡಿಯುವ ಕಾಲವನ್ನು ಹರಿವಿನ ವಿರೂಪಣ ದರದಿಂದ ಗುಣಿಸಿದರೆ ವೈಸೆನ್‌ಬರ್ಗ್ ಸಂಖ್ಯೆ ದೊರೆಯುತ್ತದೆ. ಈ ಸಂಖ್ಯೆ ದೊಡ್ಡದಾದಂತೆ ಕೆಲವೆಡೆ ಒತ್ತಡ ಘಾತೀಯವಾಗಿ ಏರಿ, ಇಡೀ ಲೆಕ್ಕವೇ ಮುರಿದುಬೀಳುತ್ತಿತ್ತು. ಒತ್ತಡದ ಬದಲು ಅಣುಗಳ ಹಿಗ್ಗುವಿಕೆಯ ಲಾಗರಿತಮ್ಮನ್ನು ಲೆಕ್ಕಿಸುವ ಉಪಾಯವನ್ನು ಫತ್ತಾಲ್ ಮತ್ತು ಕುಪ್ಫರ್‌ಮನ್ 2004ರಲ್ಲಿ ಮುಂದಿಟ್ಟರು. ಲಾಗರಿತಮ್ ಕೋಷ್ಟಕಗಳನ್ನು ತಿರುವಿಹಾಕಿದ ಹಳೆಯ ವಿದ್ಯಾರ್ಥಿಗಳಿಗೆ ಇದರ ಮರ್ಮ ಬೇಗ ಹೊಳೆದೀತು: ಘಾತೀಯ ಏರಿಕೆ ಅಲ್ಲಿ ಬರಿಯ ಸರಳರೇಖೆಯಾಗುತ್ತದೆ.